ಐದು ಪದಕ್ಕೆ ಒಂದೇ ಅರ್ಥ ಕೊಟ್ಟವರ ಮೇಲೆ ನನಗೆ ಸಿಟ್ಟಿದೆ

ಭಾನುವಾರ ನಾನು ಇಲ್ಲಿ ತೈವಾನಿನ ಶಿಂಚುವಿನಲ್ಲಿ ನಾಲ್ಕೈದು ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುವುದು ನಿಮಗೆಲ್ಲ ಗೊತ್ತಲ್ವಾ? ನಿನ್ನೆ ಅವರಲ್ಲೊಬ್ಬಳು ಅಳುಮುಖ ಮಾಡಿಕೊಂಡು ಬಂದಳು. ತನ್ನ ಪ್ರೊಫೆಸರಿಗೆ ಮೇಲ್ ಬರೆದಿದ್ದಾಳೆ: ‘ಯೂ ಹ್ಯಾವ್ ಎ ಡಿಲ್ಯೂಷನ್ ಅಬೌಟ್ ಮೈ ಡೇಟಾ.’ ಅವಳ ಮನಸ್ಸಿನಲ್ಲಿದ್ದದ್ದು ‘ಸ್ವಲ್ಪ ತಪ್ಪು ತಿಳಿದುಕೊಂಡಿದ್ದೀರಿ’ ಅಂತ. ಮೇಲ್‌ನಲ್ಲಿ ಹೋದದ್ದು ‘ನಿಮಗೆ ಭ್ರಮೆ ಹಿಡಿದಿದೆ’ ಅಂತ.

ಅವಳ ಪದಪಟ್ಟಿ ತೆಗೆದು ನೋಡಿದೆ. ಮಿಸ್‌ಅಂಡರ್‌ಸ್ಟ್ಯಾಂಡಿಂಗ್, ಮಿಸ್‌ಕನ್ಸೆಪ್ಷನ್, ಇಲ್ಯೂಷನ್, ಡಿಲ್ಯೂಷನ್, ಮಿಥ್. ಐದಕ್ಕೂ ಎದುರಿಗೆ ಒಂದೇ ಚೀನೀ ಪದ! ಚೀನೀ ಭಾಷೆಗೇನು ಪದದ ಬರವೇ? ಡಿಲ್ಯೂಷನ್ನಿಗೆ ‘ವಾಂಗ್‌ಶ್ಯಾಂಗ್’ ಇದೆ, ಮಿಸ್‌ಅಂಡರ್‌ಸ್ಟ್ಯಾಂಡಿಂಗಿಗೆ ‘ವೂಹ್ವೇ’ ಇದೆ. ಇದ್ದ ಪದ ಕೊಡೋಕೂ ಸೋಮಾರಿತನ.

ಅವಳಿಗೆ ನಾನು ಹೀಗೆ ಹೇಳಿದೆ. ದಿಗಂತದ ಹತ್ತಿರ ಚಂದ್ರ ದೊಡ್ಡದಾಗಿ ಕಾಣುತ್ತಾನೆ. ನಿಜ ಗೊತ್ತಿದ್ದರೂ ಕಣ್ಣು ಕೇಳುವುದಿಲ್ಲ, ಅದು ಇಲ್ಯೂಷನ್. ಚಂದ್ರನ ಮೇಲಿಂದ ಚೀನಾದ ಮಹಾಗೋಡೆ ಕಾಣುತ್ತದೆ ಅಂತ ಊರೆಲ್ಲ ನಂಬಿದ್ದು ಮಿಥ್. 2003ರಲ್ಲಿ ಶೆಂಝೌ-5 ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಚೀನಾದ ಗಗನಯಾತ್ರಿ ಯಾಂಗ್ ಲಿವೇ, ಭೂಮಿಯ ಕಕ್ಷೆಯಿಂದಲೇ ಗೋಡೆ ಕಾಣಲಿಲ್ಲ ಅಂದರು. ಅದನ್ನು ಕೇಳಿ ‘ಹೌದಾ!’ ಅಂದು ತಿದ್ದಿಕೊಂಡರೆ ನಿನಗಿದ್ದದ್ದು ಬರೀ ಮಿಸ್‌ಕನ್ಸೆಪ್ಷನ್. ಎಷ್ಟು ಪುರಾವೆ ತಂದಿಟ್ಟರೂ ಬಿಡದೆ ಹಿಡಿದುಕೊಂಡರೆ ಅದು ಡಿಲ್ಯೂಷನ್, ಡಾಕ್ಟರುಗಳು ಬಳಸುವ ಪದ. ಇಷ್ಟು ಹೇಳೋಕೆ ಹತ್ತು ನಿಮಿಷ ಸಾಕಾಯಿತು.

‘ಅರ್ಥ ಆದರೆ ಸಾಕು, ಸಂದರ್ಭ ನೋಡಿ ತಿಳ್ಕೋತಾರೆ’ ಅನ್ನುವವರಿದ್ದಾರೆ. ತರಕಾರಿ ಅಂಗಡಿಯಲ್ಲಿ ಸರಿ. ಎದುರಿನವರಿಗೆ ‘ನಿಮ್ಮ ತಿಳಿವಳಿಕೆ ತಪ್ಪು’ ಅಂತ ಹೇಳುವಾಗ ಸಂದರ್ಭ ಕಾಪಾಡುವುದಿಲ್ಲ. ಅಲ್ಲಿ ಪದವೇ ಮರ್ಯಾದೆ.

ಇದು ನನಗೆ ಅನುಭವದಿಂದಲೇ ಗೊತ್ತು. ಚೀನೀ ಭಾಷೆಯಲ್ಲಿ ‘ಯಿವೇ’ ಅಂದರೆ ನಮ್ಮ ‘ಅಂದ್ಕೊಂಡಿದ್ದೆ’. ‘ನೀವು ಬರಲ್ಲ ಅಂದ್ಕೊಂಡಿದ್ದೆ’ ಅಂದಾಗ ಬಂದಿದ್ದೀರಿ ಅಂತಲೇ ಅರ್ಥ ತಾನೇ? ನನ್ನ ಪಟ್ಟಿಯಲ್ಲಿ ಅದಕ್ಕೆ ಸುಮ್ನೆ ‘ಥಿಂಕ್’ ಅಂತ ಬರೆದಿತ್ತು. ಬಂದ ಹೊಸದರಲ್ಲಿ ಮನೆ ಮಾಲೀಕರ ಅಮ್ಮ ಬಡಿಸಿದ ಊಟಕ್ಕೆ ‘ವೋ ಯಿವೇ ಹೆನ್ ಹಾವ್‌ಚಿ’ ಅಂದೆ. ರುಚಿಯಾಗಿದೆ ಅನ್ನೋಕೆ ಹೋಗಿ ‘ರುಚಿಯಾಗಿರುತ್ತೆ ಅಂದ್ಕೊಂಡಿದ್ದೆ’ ಅಂದಿದ್ದೆ. ಆ ಅಜ್ಜಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಇದೇ ಪದ ಇಂಗ್ಲಿಷಿಗೆ ಹೋಗುವಾಗ ನನ್ನ ಹುಡುಗರನ್ನು ಕಾಡುತ್ತದೆ. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಹಾಗಾಗಿ ‘ಐ ಥಾಟ್ ಯೂ ವರ್ ಅಬ್ಸೆಂಟ್’ ಅನ್ನಬೇಕಾದ ಕಡೆ, ಎದುರಿಗೆ ನಿಂತವನಿಗೇ ‘ಐ ಥಿಂಕ್ ಯೂ ಆರ್ ಅಬ್ಸೆಂಟ್’ ಅನ್ನುತ್ತಾರೆ. ಪಟ್ಟಿ ಬರೆಯುವವರಿಗೆ ಇಷ್ಟು ಒಂದು ಸಾಲು ಸೇರಿಸಲು ಏನು ಕಷ್ಟ?

ನಿನ್ನೆ ಇಬ್ಬರೂ ಕೂತು ಇನ್ನೊಂದು ಮೇಲ್ ಬರೆದೆವು. ಕಳಿಸುವ ಮುಂಚೆ ಅವಳು ‘ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ ಪದವನ್ನು ಮೂರು ಸಲ ಓದಿಸಿಕೊಂಡಳು. ಉತ್ತರ ಇನ್ನೂ ಬಂದಿಲ್ಲ.