ಮ್ಯಾಜಿಕ್ ಮಾಡೋನಿಗೆ ಯಾವ ಡಿಗ್ರಿ?

ಹೋದ ಭಾನುವಾರ ಮಂಡ್ಯದಿಂದ ನೆಂಟರೊಬ್ಬರು ಮಗನನ್ನು ಕರೆದುಕೊಂಡು ಮೈಸೂರಿಗೆ, ನಮ್ಮ ಮನೆಗೆ ಬಂದಿದ್ದರು. ಹುಡುಗ ಸೆಕೆಂಡ್ ಪಿಯು ಸೈನ್ಸ್ ಮುಗಿಸಿದ್ದಾನೆ. "ನೋಡಣ್ಣ, ಇವ್ನು ಮ್ಯಾಜಿಕ್ ಮಾಡ್ಕೊಂಡೇ ಬದುಕ್ತೀನಿ ಅಂತಾನೆ. ನೀನೇ ಒಸಿ ಬುದ್ಧಿ ಹೇಳು" ಅಂದರು. ಹದಿನೆಂಟು ವರ್ಷದಿಂದ ಬರ್ತ್‌ಡೇ ಪಾರ್ಟಿ, ಸ್ಕೂಲ್ ಡೇ ಅಂತ ಮ್ಯಾಜಿಕ್ ಮಾಡ್ಕೊಂಡಿರೋ ನನ್ನ ಹತ್ತಿರ ಬುದ್ಧಿ ಹೇಳಿಸೋಕೆ ಬಂದಿದ್ದಾರೆ, ಪಾಪ.

ಹುಡುಗನ ಪ್ರಶ್ನೆ ಬೇರೆ. "ದೊಡ್ಡಪ್ಪ, ಸೈಕಾಲಜಿ ತಗೊಳ್ಳಲಾ, ಇಂಜಿನಿಯರಿಂಗಾ?" ಮನಸ್ಸು ಓದೋಕೆ ಅದು, ಮ್ಯಾಜಿಕ್ ಪೆಟ್ಟಿಗೆ ಮಾಡೋಕೆ ಇದು ಅನ್ನೋದು ಅವನ ಲೆಕ್ಕ. ತಪ್ಪೇನಿಲ್ಲ. ಫ್ರಾನ್ಸಿನ ಹೆಸರಾಂತ ಜಾದೂಗಾರ ರಾಬರ್ಟ್ ಹೌದಿನ್ ಮೊದಲು ಗಡಿಯಾರ ಮಾಡುತ್ತಿದ್ದವನು. ಅಮೆರಿಕದ ಪರ್ಸಿ ಡಯಾಕೊನಿಸ್ ಹದಿನಾಲ್ಕನೇ ವಯಸ್ಸಿಗೇ ಜಾದೂಗಾರನ ಹಿಂದೆ ಮನೆ ಬಿಟ್ಟು ಹೋಗಿ, ಆಮೇಲೆ ದೊಡ್ಡ ಗಣಿತಜ್ಞರಾದರು. ಇಸ್ಪೀಟ್ ಎಲೆ ಸರಿಯಾಗಿ ಬೆರೆಯಬೇಕಾದರೆ ಕಟ್ಟನ್ನು ಎರಡು ಭಾಗ ಮಾಡಿ, ಒಂದರೊಳಗೊಂದು ಎಲೆ ಸೇರಿಸುತ್ತಾ ಸುಮಾರು ಏಳು ಸಲ ಕಲೆಸಬೇಕು ಅಂತ 1992ರಲ್ಲಿ ಲೆಕ್ಕ ಹಾಕಿ ತೋರಿಸಿದವರಲ್ಲಿ ಇವರೂ ಒಬ್ಬರು.

ಆದರೆ ನಾನು ಹೇಳಿದ್ದು ಬಿ.ಕಾಂ. ಅಪ್ಪ ಮಗ ಇಬ್ಬರೂ ಮುಖ ಮುಖ ನೋಡಿಕೊಂಡರು.

ಯಾಕೆ ಅಂದರೆ, ಶುರುವಿನಲ್ಲಿ ಮಂಡ್ಯದ ಒಂದು ಛತ್ರದಲ್ಲಿ ರಿಸೆಪ್ಷನ್ ಶೋ ಒಪ್ಪಿಕೊಂಡಿದ್ದೆ. ಎಲ್ಲ ಫೋನಿನಲ್ಲೇ ಮಾತು. ಅಡ್ವಾನ್ಸ್ ಎರಡು ಸಾವಿರ ಬಂತು, ಬಾಕಿಗೆ "ನಾಳೆ ಬನ್ನಿ" ಅಂದರು. ಆ ನಾಳೆಗೆ ಆರು ಸಲ ಬಸ್ ಹತ್ತಿದೆ. ಬೈದುಕೊಂಡು ಓಡಾಡಿದ್ದೂ ಓಡಾಡಿದ್ದೇ. ಆಮೇಲೊಂದು ದಿನ ಕೂತು ಲೆಕ್ಕ ಬರೆದರೆ, ಟೆಂಪೋ ಬಾಡಿಗೆ, ಹೆಲ್ಪರ್ ಹುಡುಗನ ಕೂಲಿ ಎಲ್ಲ ಸೇರಿಸಿ, ಅವರು ಪೂರ್ತಿ ದುಡ್ಡು ಕೊಟ್ಟಿದ್ದರೂ ನನಗೆ ಲಾಸೇ! ನಾನು ಬಿ.ಎಸ್ಸಿ. ಓದಿದವನು. ರೇಟ್ ಹೇಳೋದು ಹೇಗೆ ಅಂತ ಯಾವ ಲ್ಯಾಬಿನಲ್ಲೂ ಕಲಿಸಿರಲಿಲ್ಲ.

ಹಾಗಾದರೆ ಮ್ಯಾಜಿಕ್ಕು? ಜೇಬಿನಿಂದ ಹತ್ತು ರೂಪಾಯಿ ನಾಣ್ಯ ಕೊಟ್ಟು "ಮಾಡು" ಅಂದೆ. ಬಲಗೈಯಿಂದ ಎಡಗೈಗೆ ಕೊಟ್ಟ ಹಾಗೆ ಮಾಡಿ ಬಲಗೈಯಲ್ಲೇ ಉಳಿಸಿಕೊಂಡ. ಬೆರಳು ಚೆನ್ನಾಗಿ ಪಳಗಿವೆ. ಬೀರು ಕನ್ನಡಿ ಮುಂದೆ ತಿಂಗಳುಗಟ್ಟಲೆ ಮಾಡಿರಬೇಕು. ಆದರೆ ಕಣ್ಣು ಬಲಗೈ ಬಿಟ್ಟು ಕದಲಲಿಲ್ಲ. ನಾಣ್ಯ ಎಲ್ಲಿದೆ ಅಂತ ಅವನ ಕಣ್ಣೇ ಚಾಡಿ ಹೇಳಿಬಿಟ್ಟಿತು. ಎಡಗೈಯಲ್ಲಿ ನಾಣ್ಯ ಇದೆ ಅಂತ ಮೊದಲು ಅವನೇ ನಂಬಬೇಕು. ಆಗ ಕಣ್ಣು ತಾನಾಗೇ ಆ ಕಡೆ ಹೋಗುತ್ತೆ, ನೋಡುವವರ ಕಣ್ಣೂ ಹಿಂದೆಯೇ ಹೋಗುತ್ತೆ. ಇದು ನಟನೆ, ಅಲ್ವಾ?

ಅದಕ್ಕೇ ಡಿಗ್ರಿ ಆದ ಮೇಲೆ ಒಂದು ವರ್ಷ ನಾಟಕ ಕಲಿ ಅಂದೆ. ನಮ್ಮ ರಂಗಾಯಣದಲ್ಲೇ ಒಂದು ವರ್ಷದ ಡಿಪ್ಲೊಮಾ ಇದೆ, ಹೆಗ್ಗೋಡಿನ ನೀನಾಸಂ ಇದೆ. ಬರೀ ಮ್ಯಾಜಿಕ್ಕೇ ಕಲಿಯಬೇಕು ಅಂದರೆ ತಿರುವನಂತಪುರದಲ್ಲಿ ಗೋಪಿನಾಥ್ ಮುತುಕಾಡ್ ಅವರು 1996ರಲ್ಲಿ ಶುರು ಮಾಡಿದ ಮ್ಯಾಜಿಕ್ ಅಕಾಡೆಮಿ ಇದೆ. ಕೈಚಳಕ ಎಲ್ಲಾದರೂ ಕಲಿಯಬಹುದು. ಮೈಕ್ ಕೆಟ್ಟಾಗ ಹಿಂದಿನ ಸಾಲಿಗೆ ದನಿ ಮುಟ್ಟಿಸೋದನ್ನ ಮಾತ್ರ ಸ್ಟೇಜೇ ಕಲಿಸಬೇಕು.

ಅಪ್ಪನಿಗೆ ಬಿ.ಕಾಂ. ಅಂದಿದ್ದೇ ಸಮಾಧಾನ. ಉಳಿದದ್ದು ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ.

ಹೊರಡುವಾಗ ಗೇಟ್ ಹತ್ತಿರ ಹುಡುಗ ಮತ್ತೆ ನಾಣ್ಯ ತೆಗೆದ. ಈ ಸಲ ಎಡಗೈ ನೋಡಿದ. ನಾನೂ ಎಡಗೈ ನೋಡಿದೆ. ಅವರ ಬೈಕ್ ತಿರುವು ದಾಟಿದ ಮೇಲೆ ನೆನಪಾಯಿತು, ಹತ್ತು ರೂಪಾಯಿ ನನ್ನದು.