ಸಸಿಗೆ ಎಂಟು ದಿನ ತಡಕೋ ಅಂತ ಹೇಳೋಕಾಗಲ್ಲ

"ಅಣ್ಣಾ, ಕಾಲುವೆಗೆ ಇನ್ನಾ ನೀರು ಬಂದಿಲ್ಲ. ಎಂಟ್ ದಿನ ಸಸಿ ನಿನ್ನತ್ರಾನೇ ಇರ್ಲಿ."

ನೀರು ತಡವಾದ ವರ್ಷಗಳಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಮೆಣಸಿನಕಾಯಿ ಸಸಿ ಬೆಳೆಸಿಕೊಡುವ ನನಗೆ ಇದೇ ಫೋನು. ಎಲ್ಲರಿಗೂ "ಆಯ್ತಪ್ಪಾ" ಅನ್ನುತ್ತೇನೆ. ನೀರಿಲ್ಲದ ಹೊಲಕ್ಕೆ ಸಸಿ ಒಯ್ದು ಅವರಾದರೂ ಏನು ಮಾಡಬೇಕು? ಫೋನ್ ಇಟ್ಟು ನೆರಳುಪರದೆಯೊಳಗೆ ಹೋದರೆ ಮೂವತ್ತೆಂಟು ದಿನದ ಸಸಿ ತಲೆ ಎತ್ತಿ ನಿಂತಿರುತ್ತದೆ. ಅದಕ್ಕೆ ಯಾರು ಹೇಳಬೇಕು?

ಬಳ್ಳಾರಿ ಜಿಲ್ಲೆಯ ಕುರುಗೋಡು ಕಡೆ ನನ್ನದು ಆರು ಎಕರೆ ಎರೆ ಹೊಲ, ರಸ್ತೆ ಪಕ್ಕದ ಮೂಲೆಯಲ್ಲಿ ಮೆಣಸಿನಕಾಯಿ ಸಸಿಯ ನರ್ಸರಿ. ಬೋರಿನ ನೀರು ನರ್ಸರಿಗೆ ಸಾಲುತ್ತದೆ, ಹೊಲಕ್ಕೆ ಸಾಲುವುದಿಲ್ಲ. ಹೊಲಕ್ಕೆ ನನಗೂ ಎಚ್‌ಎಲ್‌ಸಿಯೇ, ಅಂದರೆ ತುಂಗಭದ್ರಾ ಡ್ಯಾಂನ ಮೇಲ್ಮಟ್ಟದ ಕಾಲುವೆಯೇ ಗತಿ. ಹಾಗಾಗಿ ಫೋನ್ ಮಾಡುವವರ ಸಂಕಟವೂ ನನಗೆ ಗೊತ್ತು, ಫೋನ್ ಎತ್ತುವವನ ಸಂಕಟವೂ ಗೊತ್ತು.

ನಮ್ಮಲ್ಲಿ ಬಹಳ ಜನ ಬೀಜದ ಪಾಕೀಟು ತಾವೇ ತಂದುಕೊಡುತ್ತಾರೆ. ಬೆಳೆಸಿಕೊಡುವುದು ನಮ್ಮ ಕೆಲಸ. ಒಂದು ಟ್ರೇಗೆ 98 ಕುಳಿ. ಎಕರೆಗೆ ಹತ್ತು ಸಾವಿರ ಸಸಿ ಅಂದರೂ ನೂರಕ್ಕಿಂತ ಹೆಚ್ಚು ಟ್ರೇ ಬೇಕು. ತೆಂಗಿನ ನಾರಿನ ಪುಡಿ ತುಂಬಿ, ಕುಳಿಗೊಂದು ಬೀಜ ಇಟ್ಟು, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತೇವೆ. ಮೊಳಕೆ ಕಾಣಿಸಿದ ದಿನವೇ ಬಿಚ್ಚಿ ಹರಡಬೇಕು. ಆ ಒಂದು ದಿನ ಮೈಮರೆತರೆ ಮೊಳಕೆ ಬೆಳಕಿಲ್ಲದೆ ದಾರದ ಹಾಗೆ ಉದ್ದವಾಗಿ ಬಾಗಿಬಿಡುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಮೂವತ್ತೈದರಿಂದ ನಲವತ್ತೈದು ದಿನದೊಳಗೆ ಸಸಿ ನಾಟಿಗೆ ಹದ. ಆಗ ಕುಳಿಯಿಂದ ಎಳೆದರೆ ಬೇರು ಬೆಳ್ಳಗೆ, ಪುಡಿಯ ಸಮೇತ ಗಟ್ಟಿ ಉಂಡೆಯಾಗಿ ಬರುತ್ತದೆ. ಐವತ್ತೈದು ದಿನ ದಾಟಲಿ, ಬೇರು ಕುಳಿಯೊಳಗೇ ಸುತ್ತಿಕೊಂಡು ಕಂದು ತಿರುಗಿರುತ್ತದೆ, ಕೆಳಗಿನ ಎಲೆ ಹಳದಿ. ಕೆಲವು ಟ್ರೇಯಲ್ಲೇ ಮೊಗ್ಗು ಕಚ್ಚುತ್ತವೆ. ನೀರು ಕಮ್ಮಿ ಮಾಡಿ ನಾಲ್ಕೈದು ದಿನ ಬೆಳವಣಿಗೆ ತಡೆಯಬಹುದು. ಅದಕ್ಕಿಂತ ಹೆಚ್ಚು ಆಗುವುದಿಲ್ಲ.

ಒಂದು ವರ್ಷ ನಾನು ತಪ್ಪು ಮಾಡಿದ್ದೇನೆ. ಅರವತ್ತು ದಿನದ ಸಸಿಯ ತುದಿ ಕತ್ತರಿಸಿ, ಗಿಡ್ಡ ಕಾಣುವ ಹಾಗೆ ಮಾಡಿ ಕೊಟ್ಟುಬಿಟ್ಟೆ. ಒಯ್ದವರು ಊರಿನ ಹಿರಿಯರು, ನಾನು ಮಾವ ಅಂತ ಕರೆಯುವವರು. ತಿಂಗಳಾದ ಮೇಲೆ ಅವರ ಹೊಲಕ್ಕೆ ಹೋದೆ. ಅರ್ಧ ಹೊಲದಲ್ಲಿ ಗಿಡ ಕವಲೊಡೆಯದೆ ಮೊಣಕಾಲಿನ ಕೆಳಗೇ ಹೂ ಬಿಟ್ಟು ನಿಂತಿತ್ತು. ಬಯ್ಯುತ್ತಾರೆ ಅಂದುಕೊಂಡಿದ್ದೆ. "ನೋಡಿ ತಗೊಂಡವ್ನು ನಾನೇ ಅಲ್ಲೇನಪ್ಪಾ" ಅಂದರು, ಅಷ್ಟೇ. ಅವತ್ತಿನಿಂದ ವಯಸ್ಸಾದ ಸಸಿ ನನ್ನ ನರ್ಸರಿಯಿಂದ ಹೊಲಕ್ಕೆ ಹೋಗುವುದಿಲ್ಲ, ತಿಪ್ಪೆಗೆ ಹೋಗುತ್ತದೆ. ನರ್ಸರಿ ನಡೆಸುವ ಅಣ್ಣತಮ್ಮಂದಿರಿಗೆ ಕೈಮುಗಿದು ಹೇಳುತ್ತೇನೆ, ಆ ಕತ್ತರಿ ಕೆಳಗಿಡಿ.

2024ರ ಆಗಸ್ಟ್ ನಮ್ಮ ಕಡೆ ಯಾರೂ ಮರೆಯುವುದಿಲ್ಲ. ಡ್ಯಾಂ ತುಂಬಿದೆ ಅಂತ ಎಲ್ಲರೂ ಖುಷಿಯಲ್ಲಿದ್ದರು. ಹತ್ತನೇ ತಾರೀಖು ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೇದು ಚೈನ್ ಕಿತ್ತು ಕೊಚ್ಚಿಹೋಯಿತು. ಆ ಗೇಟಿನ ಮೇಲಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆಗೆದು ನೀರು ಬಿಟ್ಟರು. ಮುಂದೆ ಕಾಲುವೆಗೆ ಏನು ಉಳಿಯುತ್ತದೋ ಅಂತ ಬೆಳಗಾಗುವಷ್ಟರಲ್ಲಿ ಹೆದರಿಕೆ ಹಬ್ಬಿತು. "ಅಣ್ಣಾ, ಸಸಿ ಬೇಡ, ಈ ವರ್ಷ ಜೋಳ ಹಾಕ್ತೀನಿ" ಅಂತ ಫೋನುಗಳು. ನಾನು ತಪ್ಪು ತಿಳಿಯಲಿಲ್ಲ. ನನ್ನ ಹೊಲಕ್ಕೆ ನಾನೂ ಹಾಗೇ ಲೆಕ್ಕ ಹಾಕುತ್ತಿದ್ದೆ. ಒಂದು ವಾರದೊಳಗೆ ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ಉಕ್ಕಿನ ಅಡ್ಡತಡೆ, ಕೂರಿಸಿದರು. ಆ ಕೆಲಸಗಾರರಿಗೆ ನಾವು ಎಷ್ಟು ನಮಸ್ಕಾರ ಹೇಳಿದರೂ ಕಮ್ಮಿ. ಮಲೆನಾಡಿನಲ್ಲಿ ಮಳೆ ಬಂತು, ಡ್ಯಾಂ ಮತ್ತೆ ತುಂಬಿತು. ಬೇಡ ಅಂದವರು ಮತ್ತೆ ಬಂದರು. ಅಷ್ಟೊತ್ತಿಗೆ ಅವರ ಸಸಿ ನಾಟಿಯ ವಯಸ್ಸು ದಾಟಿತ್ತು. ಬೀಜದ ದುಡ್ಡು ಅವರದು, ಹೋದದ್ದೂ ಅವರದೇ.

ಗೇಟು ಮುರಿಯುವುದು ಯಾರ ಕೈಯಲ್ಲೂ ಇಲ್ಲ, ಸರಿ. ಆದರೆ ಮಾಮೂಲಿ ವರ್ಷದಲ್ಲೂ ನಮಗೆ ನೀರಿನ ತಾರೀಖು ಗೊತ್ತಾಗುವ ಹೊತ್ತಿಗೆ ಟ್ರೇಯಲ್ಲಿ ಸಸಿ ಬೆಳೆದಿರುತ್ತದೆ. ಬೀಜ ಹಾಕುವುದು ಅದಕ್ಕಿಂತ ತಿಂಗಳು ಮೊದಲೇ. ಕಾಲುವೆಗೆ ನೀರು ಯಾವಾಗ ಅಂತ ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯವರಲ್ಲಿ ನನ್ನ ಬೇಡಿಕೆ ಇದೊಂದೇ. ಮಳೆ ನೋಡದೆ ತಾರೀಖು ಹೇಳಿ ಅನ್ನುವುದಿಲ್ಲ, ಅದು ನ್ಯಾಯವಲ್ಲ. ಜೂನ್ ಮೊದಲ ವಾರದಲ್ಲಿ ಒಂದು ಲೆಕ್ಕ ಹೇಳಿಬಿಡಿ: ಡ್ಯಾಂ ಮಟ್ಟ ಇಷ್ಟು ಅಡಿಗೆ ಬಂದರೆ ಇಷ್ಟು ದಿನದಲ್ಲಿ ಎಚ್‌ಎಲ್‌ಸಿಗೆ ನೀರು, ಬರದಿದ್ದರೆ ಇಲ್ಲ. ತುಂಬಿದ ಮಟ್ಟ 1633 ಅಡಿ ಅಂತ ನಮ್ಮ ಕಡೆ ಶಾಲೆ ಹುಡುಗರೂ ಹೇಳುತ್ತಾರೆ. ಒಳಹರಿವು ಎಷ್ಟು ಅಂತ ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ನೋಡದ ರೈತನಿಲ್ಲ. ಲೆಕ್ಕ ಕೈಯಲ್ಲಿದ್ದರೆ ಬೀಜ ಯಾವತ್ತು ಹಾಕಬೇಕು ಅನ್ನುವುದನ್ನು ನಾವೇ ತೀರ್ಮಾನ ಮಾಡಿಕೊಳ್ಳುತ್ತೇವೆ.

ಕಾಲುವೆಯ ಕೊನೆ ಭಾಗದವರಿಗೆ ಬೇರೆ ಲೆಕ್ಕ ಬೇಕು. ಮೇಲಿನವರ ಹೊಲದಲ್ಲಿ ಸಸಿ ಬೇರು ಹಿಡಿದ ಮೇಲೆ ಅವರ ತೂಬಿಗೆ ನೀರು ಮುಟ್ಟುತ್ತದೆ. ಅದನ್ನೂ ಆಗಲೇ ಹೇಳಬೇಕು.

ರೈತರಲ್ಲೂ ಒಂದು ಮಾತು. ಐದು ಎಕರೆಯ ಬೀಜ ಒಂದೇ ದಿನ ತಂದುಕೊಡಬೇಡಿ. ಹನ್ನೆರಡು ದಿನ ಬಿಟ್ಟು ಎರಡು ಕಂತು ಮಾಡೋಣ. ನನಗೆ ಕೆಲಸ ಹೆಚ್ಚಾಗುತ್ತದೆ, ಆಗಲಿ. ನೀರು ತಡವಾದರೂ ಎರಡನೇ ಕಂತಾದರೂ ಉಳಿಯುತ್ತದೆ.

ನಾಳೆ ಬೆಳಗ್ಗೆ ಆರಕ್ಕೆ ಹೆಣ್ಣಾಳುಗಳು ಟ್ರೇ ತುಂಬೋಕೆ ಬರುತ್ತಾರೆ. ಮೊದಲ ಕಂತಿನ ಪಾಕೀಟುಗಳಲ್ಲಿ ಮಾವನವರದೂ ಇದೆ. ಈ ಸಲ ಮೂರು ಎಕರೆಗೆ ಕೊಟ್ಟಿದ್ದಾರೆ. ಟ್ರೇ ಮೇಲೆ ಅವರ ಹೆಸರಿನ ಜೊತೆ ಬೀಜ ಹಾಕಿದ ದಿನವನ್ನೂ ಬರೆದಿಡುತ್ತೇನೆ, ಒಯ್ಯುವಾಗ ಅವರೇ ಎಣಿಸಿಕೊಳ್ಳಲಿ.