ಬಿಲ್ಡ್ ಆಯ್ತಲ್ಲ, ಸಾಕು ಅನ್ನೋರಿಗೆ

ನಿನ್ನೆ ರಾಯಚೂರು ಗಂಜ್ ಮಾರುಕಟ್ಟೆಯಿಂದ ಮನೆಗೆ ಬಂದಾಗ ರಾತ್ರಿ ಹತ್ತೂವರೆ. ಊಟ ಸೇರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ಸಂಜೆ ಪರಿಚಯದ ಅಡತ್ (ದಲಾಲಿ) ಅಂಗಡಿಯ ಗುಮಾಸ್ತರ ಫೋನು. "ಹೋದ ವಾರದ ಲಾಟ್ ನಂಬರ್ ಹೊಡದ್ರ ಬರವಲ್ದು ನೋಡ್ರಿ. ನಾನ ಕೈಯಾರೆ ಏರಿಸೀನಿ. ಕಂಪ್ಯೂಟರ್ ಇಲ್ಲ ಅಂತದ." ಹೋಗಿ ನೋಡಿದರೆ ಮಾನ್ವಿ ಕಡೆಯ ರೈತರೊಬ್ಬರು ಮಧ್ಯಾಹ್ನದಿಂದ ಹತ್ತಿ ಅಂಡಿಗೆಗೆ ಒರಗಿ ಕೂತಿದ್ದಾರೆ. ತೂಕ ಹೋದ ವಾರವೇ ಆಗಿದೆ, ದುಡ್ಡಿಗೆ ಬಂದವರು. ಅವರ ಮಾಲಿನ ಲಾಟ್ ನಂಬರ್ 11-2. ಹುಡುಕಿದರೆ ಶೂನ್ಯ. ಪಟ್ಟಿಯನ್ನು ಪೂರ್ತಿ ತೆರೆದು ಕೆಳಗೆ ಇಳಿಸುತ್ತ ಹೋದರೆ ಅದೇ 11-2, ಅದೇ ರೈತರ ಹೆಸರು, ಕಣ್ಣೆದುರಿಗೇ ಇದೆ.

ನಾನು ಮಾಡೋ ಕೆಲಸ ನಿಮಗೆಲ್ಲ ಗೊತ್ತು, ಲಿನಕ್ಸ್‌ಗೆ ಡೇಟಾಬೇಸ್ ಪ್ಯಾಕೇಜ್ ಕಟ್ಟಿ (ಅಂದರೆ ತಂತ್ರಾಂಶವನ್ನು ಯಂತ್ರಕ್ಕೆ ಹಾಕೋ ಹಾಗೆ ಸಿದ್ಧ ಮಾಡಿ) ಟೆಸ್ಟ್ ಮಾಡೋದು. ನೋಡಿದ ಕೂಡಲೇ ಅನುಮಾನ ಬಂತು. ಅಂಗಡಿಯ ಡೇಟಾಬೇಸ್ ಪೋಸ್ಟ್‌ಗ್ರೆಸ್. ಬೇಗ ಹುಡುಕೋಕೆ ಅದು ಕ್ರಮವಾಗಿ ಜೋಡಿಸಿಟ್ಟುಕೊಳ್ಳೋ ಸೂಚಿಯೇ ಇಂಡೆಕ್ಸ್. ಅದನ್ನು ಬಳಸಬೇಡ ಅಂತ ಹೇಳಿ ಅದೇ ಹುಡುಕಾಟ ಕೊಟ್ಟೆ. ಸಾಲು ಬಂತು. ಅಂದರೆ ಡೇಟಾ ಇದೆ, ಕೆಟ್ಟಿರೋದು ಇಂಡೆಕ್ಸ್.

ಭಾನುವಾರ ಯಂತ್ರ ಬದಲಾಗಿದೆ. ಹಳೇದರಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 9, ಪೋಸ್ಟ್‌ಗ್ರೆಸ್ 9.6. ಹೊಸದಕ್ಕೆ ಡೆಬಿಯನ್ 12. ಅದರ ಜೊತೆ ಬರೋ ಪೋಸ್ಟ್‌ಗ್ರೆಸ್ 15 ಹಳೇ ಡೇಟಾ ಫೋಲ್ಡರನ್ನು ಹಾಗೇ ತೆರೆಯಲ್ಲ. ಡೇಟಾವನ್ನು ಪಠ್ಯವಾಗಿ ಹೊರತೆಗೆದು (ಅದೇ ಡಂಪ್) ಹೊಸದಕ್ಕೆ ತುಂಬಿದ್ದರೆ ಅಷ್ಟು ಸಣ್ಣ ಡೇಟಾಬೇಸ್‌ಗೆ ಒಂದು ತಾಸಿನ ಕೆಲಸ. ಅಳವಡಿಸಿದ ಹುಡುಗ ಹಾಗೆ ಮಾಡಲಿಲ್ಲ. 2021ರ ನವೆಂಬರಿನಲ್ಲೇ ಬೆಂಬಲ ನಿಂತುಹೋದ 9.6ರ ಸೋರ್ಸ್ ಕೋಡ್ ತಂದು, ತಾನೇ ಡೆಬ್ (ಡೆಬಿಯನ್ ಪ್ಯಾಕೇಜ್) ಕಟ್ಟಿ, ಟೆಸ್ಟ್ ಫೇಲ್ ಆದಾಗ ಟೆಸ್ಟೇ ಬೇಡ ಅನ್ನೋ ನೋಚೆಕ್ ಕೊಟ್ಟು, ಫೋಲ್ಡರ್ ಕಾಪಿ ಮಾಡಿಟ್ಟು ಹೋಗಿದ್ದಾನೆ. ಫೋನ್ ಮಾಡಿದೆ. "ಬಿಲ್ಡ್ ಆಗ್ಯಾದಲ್ರೀ ಅಣ್ಣಾ. ಸರ್ವಿಸೂ ಸ್ಟಾರ್ಟ್ ಆಗ್ಯಾದ. ಮತ್ತೇನು?"

ಮತ್ತೇನು ಅಂದರೆ ಇದು. ಅಕ್ಷರ, ಅಂಕಿಗಳಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅಂತ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿಯನ್ನು ಕೇಳುತ್ತೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಆ ಕ್ರಮವನ್ನೇ ಬದಲಿಸಿತು. ಹಳೇದರಲ್ಲಿ 11 ಮೊದಲು, 1-1 ಆಮೇಲೆ. ಹೊಸದರಲ್ಲಿ 1-1 ಮೊದಲು. ನಮ್ಮ ಶಾಲೆಯ ಗೋಡೆಯ ವರ್ಣಮಾಲೆಯಲ್ಲಿ ಕ್ಷ, ಜ್ಞ ಕೊನೆಗೆ ಇರುತ್ತಿದ್ದವಲ್ಲ? ಅದನ್ನೇ ನಂಬಿ ನಿಘಂಟಿನಲ್ಲಿ 'ಕ್ಷಮೆ'ಯನ್ನು ಳಕಾರದ ಆಚೆ ಹುಡುಕಿದರೆ ಸಿಗಲ್ಲ, ಅದು ಕಕಾರದಲ್ಲಿದೆ. ಪುಸ್ತಕವೂ ಸರಿ, ಪದವೂ ಇದೆ, ಹುಡುಕುವವನು ಬೇರೆ ಕ್ರಮದಲ್ಲಿ ಹೋಗುತ್ತಿದ್ದಾನೆ. ಹಳೇ ಕ್ರಮದಲ್ಲಿ ಜೋಡಿಸಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಓದಿದಾಗ ಅಂಗಡಿಯಲ್ಲಿ ಆದದ್ದೂ ಅಷ್ಟೇ. ಒಂದು ಎರರ್ ಕೂಡ ಬರಲ್ಲ.

ಆ ಹುಡುಗ ಬಿಟ್ಟ ಟೆಸ್ಟ್‌ಗಳು ಪೂರ್ತಿ ಓಡಿದ್ದರೂ ಇದು ಸಿಗುತ್ತಿರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಅವು ಖಾಲಿ ಡೇಟಾಬೇಸ್ ಮೇಲೆ ಓಡುವಂಥವು. ನನ್ನ ಜಗಳ ಇರೋದೇ ಅಲ್ಲಿ. ಹಳೇ ವ್ಯವಸ್ಥೆಯಲ್ಲಿ ಡೇಟಾ ತುಂಬಿ, ಹೊಸದಕ್ಕೆ ಏರಿಸಿ, ಅದೇ ಸಾಲುಗಳು ಮತ್ತೆ ಸಿಗುತ್ತವಾ ಅಂತ ನೋಡಬೇಕು. ಡೆಬಿಯನ್‌ನಲ್ಲಿ ಪ್ಯೂಪಾರ್ಟ್ಸ್ ಅಂತ ಒಂದು ಸಾಧನವೇ ಇದೆ, ಪ್ಯಾಕೇಜನ್ನು ಹಾಕಿ, ಮೇಲ್ದರ್ಜೆಗೆ ಏರಿಸಿ, ಕಿತ್ತು ನೋಡೋಕೆ. ಹಾಕಿದ ಮೇಲೆ ಸರಿಯಾಗಿ ನಡೆಯುತ್ತಾ ಅಂತ ನೋಡೋಕೆ ಆಟೋಪಿಕೆಜಿಟೆಸ್ಟ್ ಇದೆ. ಇಷ್ಟಿದ್ದೂ ಜನ ಕಟ್ಟೋದನ್ನು ಕೆಲಸ ಅಂತಾರೆ, ಟೆಸ್ಟ್ ಮಾಡೋದನ್ನು ಟೈಮ್‌ಪಾಸ್ ಅಂತಾರೆ.

ನಾನೂ ಒಮ್ಮೆ ತಪ್ಪಿದ್ದೀನಿ. ಎರಡು ವರ್ಷದ ಕೆಳಗೆ ಡೇಟಾಬೇಸಿನ ಒಂದು ಎಕ್ಸ್‌ಟೆನ್ಷನ್‌ನ (ಹೆಚ್ಚುವರಿ ಭಾಗದ) ಟೆಸ್ಟ್ ಎಸ್390ಎಕ್ಸ್ ಅನ್ನೋ ದೊಡ್ಡ ಮೇನ್‌ಫ್ರೇಮ್ ಯಂತ್ರದಲ್ಲಿ ಮಾತ್ರ ಬೀಳುತ್ತಿತ್ತು. ಆ ಮೇನ್‌ಫ್ರೇಮ್ ಯಾರ ಹತ್ತಿರ ಇದೆ ಅಂದುಕೊಂಡು ಆ ಟೆಸ್ಟನ್ನೇ ಬಿಟ್ಟುಬಿಟ್ಟೆ. ಅಲ್ಲಿ ಬೈಟ್‌ಗಳ ಕ್ರಮ ನಮ್ಮ ಯಂತ್ರಗಳಿಗೆ ತಿರುಗಾಮುರುಗಾ. ಕೋಡಿನಲ್ಲಿ ನಿಜವಾಗಿಯೂ ತಪ್ಪಿತ್ತು, ಡಿಸ್ಕಿಗೆ ಬರೆಯುವ ಸಂಖ್ಯೆಗಳೇ ಕೆಡುತ್ತಿದ್ದವು. ಬೇರೆಯವರು ಹಿಡಿದು ತೋರಿಸಿದ ದಿನ ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ಈಗ ಕೆಲವರು ಬಂದು "ಡಾಕರ್ ಹಾಕಿದ್ರೆ ಈ ತಾಪತ್ರಯ ಇರಲ್ಲ" ಅಂತಾರೆ. ಇರುತ್ತೆ. ಡಾಕರ್ ಅಂದರೆ ತಂತ್ರಾಂಶವನ್ನು ಅದಕ್ಕೆ ಬೇಕಾದ್ದರ ಸಮೇತ ತುಂಬಿಡೋ ಡಬ್ಬಿ. ಪೋಸ್ಟ್‌ಗ್ರೆಸ್‌ನ ಡಾಕರ್ ಇಮೇಜ್ ಡೆಬಿಯನ್ ಅಥವಾ ಆಲ್ಪೈನ್ ಅನ್ನೋ ಇನ್ನೊಂದು ಲಿನಕ್ಸ್ ಮೇಲೆಯೇ ನಿಂತಿರೋದು. ಡೆಬಿಯನ್ ಇಮೇಜಿನಲ್ಲಿ ಬೆಳೆದ ಡೇಟಾವನ್ನು ಆಲ್ಪೈನಿಗೆ ತಗುಲಿಸಿ ನೋಡಿ. ಅಲ್ಲಿರೋದು ಜಿಲಿಬ್‌ಸಿ ಅಲ್ಲ, ಮಸಲ್ ಅನ್ನೋ ಬೇರೆ ಲೈಬ್ರರಿ. ಕ್ರಮ ಮತ್ತೆ ಬೇರೆ. ಡಬ್ಬಿ ಬದಲಾಯಿಸಿದರೆ ಒಳಗಿನ ಕಾಳು ಬದಲಾಗಲ್ಲ.

2024ರ ಮಾರ್ಚ್ 29 ನೆನಪಿದೆಯಾ? ಫೈಲು ಕುಗ್ಗಿಸೋ ಸಾಧನ ಎಕ್ಸ್‌ಜಡ್‌ನಲ್ಲಿ ಇಟ್ಟಿದ್ದ ಕಳ್ಳಬಾಗಿಲು ಬಯಲಾದ ದಿನ. ಆ ಕೇಡನ್ನು ಅಡಗಿಸಿಟ್ಟಿದ್ದು ಟೆಸ್ಟ್ ಫೈಲುಗಳ ಒಳಗೆ. ಅದು ಎಚ್ಚರಾಗುತ್ತಿದ್ದದ್ದು ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟುವಾಗ. ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಡೆವಲಪರ್. ಇನ್ನೂ ತಯಾರಾಗುತ್ತಿರೋ ಆವೃತ್ತಿ ಡೆಬಿಯನ್ ಅನ್‌ಸ್ಟೇಬಲ್ ಮೇಲೆ ವೇಗದ ಅಳತೆ ಮಾಡುತ್ತಿದ್ದವರಿಗೆ ಎಸ್‌ಎಸ್‌ಎಚ್ (ದೂರದ ಯಂತ್ರದ) ಲಾಗಿನ್ ಅರ್ಧ ಸೆಕೆಂಡ್ ತಡ ಅನ್ನಿಸಿತು. ಅರ್ಧ ಸೆಕೆಂಡ್! "ಲಾಗಿನ್ ಆಯ್ತಲ್ಲ, ಸಾಕು" ಅಂತ ಅವರು ಬಿಡಲಿಲ್ಲ.

ಅಂಗಡಿಯಲ್ಲಿ ರೀಇಂಡೆಕ್ಸ್ ಕೊಟ್ಟೆ, ಅಂದರೆ ಇಂಡೆಕ್ಸನ್ನು ಹೊಸದಾಗಿ ಕಟ್ಟು ಅಂದೆ, ನಡುವೆ ನಿಂತಿತು. ಒಂದೇ ನಂಬರ್ ಎರಡೆರಡು ಸಲ ಇದೆ ಅಂತು. ಸಿಗದ ಲಾಟ್‌ಗಳನ್ನು ಪಾಪ ಗುಮಾಸ್ತರು ಮೂರು ದಿನದಿಂದ ಹೊಸದಾಗಿ ಏರಿಸುತ್ತಿದ್ದರು, ಕೆಟ್ಟ ಇಂಡೆಕ್ಸ್ ಅದನ್ನು ತಡೆದಿರಲಿಲ್ಲ. ಒಂಬತ್ತು ಲಾಟ್. ತಕ್‌ಪಟ್ಟಿಯ (ತೂಕ, ಲೆಕ್ಕದ ಚೀಟಿಯ) ಕಟ್ಟು ಬಿಚ್ಚಿ, ಅವರು ಓದುತ್ತ ಹೋದರು, ನಾನು ಒಂದೊಂದಾಗಿ ತೆಗೆಯುತ್ತ ಹೋದೆ. ಎರಡರಲ್ಲಿ ತೂಕವೇ ಬೇರೆ ಬೇರೆ ಇತ್ತು. ಸಾವ್ಕಾರ್ರನ್ನು ಮನೆಯಿಂದ ಕರೆಸಬೇಕಾಯ್ತು. ಮಾನ್ವಿಯವರಿಗೆ ದುಡ್ಡು ಕೈಗೆ ಬಂದಾಗ ಅವರ ಊರಿನ ಬಸ್ ಹೋಗಿತ್ತು. ರಾತ್ರಿ ಅಂಗಡಿಯಲ್ಲೇ ಮಲಗಿದರು.

ಆ ಹುಡುಗನಿಗೆ ಈ ಭಾನುವಾರ ಮನೆಗೆ ಬಾ ಅಂದಿದ್ದೀನಿ. ಹಳೇ ಯಂತ್ರದ ಡಿಸ್ಕ್ ತರ್ತೀನಿ ಅಂದ. ಮೊದಲು ಡೆಬಿಯನ್ 9, ಆಮೇಲೆ 12, ಎರಡೂ ಅವನ ಕೈಯಿಂದಲೇ ಹಾಕಿಸ್ತೀನಿ. 11-2 ಅವನೇ ಹುಡುಕಲಿ.